ಫೋನಿನ್ಯಾಗ ಐತಿ, ಅಂಗಡ್ಯಾಗ ಇಲ್ಲ

2025ರ ಶ್ರಾವಣ ಹತ್ತಿದ ವಾರ. ಹುನಗುಂದದ ಮಗ್ಗುಲಿನ ನಮ್ಮ ಹೊಲದಲ್ಲಿ ಗೋವಿನಜೋಳ ಮೊಣಕಾಲು ಮುಟ್ಟಿತ್ತು. ಎಡೆ ಹೊಡೆದಾಗಿತ್ತು, ರಾತ್ರಿ ಮಳೆ ಬಿದ್ದು ಮಣ್ಣು ಹಸಿಯಾಗಿತ್ತು. ಮೇಲುಗೊಬ್ಬರ ಹಾಕಲು ಅದಕ್ಕಿಂತ ಒಳ್ಳೆಯ ಹದ ಸಿಗುವುದಿಲ್ಲ. ಬೆಳಿಗ್ಗೆ ಚಾ ಕುಡಿಯುವ ಹೊತ್ತಿಗೆ ಅಣ್ಣನ ಮಗ ಫೋನು ಹಿಡಿದು ಬಂದ. "ಕಾಕಾ, ಇಳಕಲ್ಲದಾಗ ಒಂದು ಅಂಗಡ್ಯಾಗ ಆರು ಪಾಯಿಂಟ್ ಮೂರು ಟನ್ ಯೂರಿಯಾ ತೋರಸಾಕತ್ತೈತಿ. ಅಂದ್ರ ನೂರಾ ನಲವತ್ತು ಚೀಲ ಆತು. ಈಗ ಹೋದ್ರ ನಮಗ ಆರು ಚೀಲ ಸಿಗತಾವ." ಗಾಡಿ ಹತ್ತಿ ಹೋದೆವು.

ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಮುಂದೆ ಎಪ್ಪತ್ತೆಂಬತ್ತು ಮಂದಿ. ಹೆಣ್ಣುಮಕ್ಕಳು ಬೇರೆ ಪಾಳಿ ಹಚ್ಚಿದ್ದರು. ನಿಲ್ಲಲಾಗದ ಮುದುಕರು ಪಾಳಿಯೊಳಗೆ ತಮ್ಮ ಕೆರವು ಬಿಟ್ಟು ಎದುರಿನ ಕಟ್ಟೆಯ ನೆರಳಿಗೆ ಕುಳಿತಿದ್ದರು. ಹುಡುಗ ಒಳಗೆ ನುಗ್ಗಿ ಫೋನು ತೋರಿಸಿದ. ಅಂಗಡಿಯವರು ಸಿಟ್ಟಾಗಲಿಲ್ಲ. "ತಮ್ಮಾ, ಅದು ಮಷಿನ್ಯಾಗಿನ ಲೆಕ್ಕ. ಮಾಲು ನಿನ್ನೆ ಸಂಜಿಗೇ ಖಾಲಿ ಆಗೈತಿ. ಮಂದಿ ಮೈಮ್ಯಾಲ ಬಿದ್ರು, ನೆಟ್ ಇರಲಿಲ್ಲ, ಆಧಾರ್ ಜೆರಾಕ್ಸ್ ಇಸಗೊಂಡು ಚೀಲ ಕೊಟ್ಟೀವಿ. ಅವರನ್ನ ಕರೆಸಿ ಇನ್ನ ಹೆಬ್ಬೆಟ್ಟು ಒತ್ತಿಸಬೇಕು" ಎಂದರು. ಮೇಜಿನ ಮೇಲೆ ಜೆರಾಕ್ಸ್ ಹಾಳೆಗಳ ಕಟ್ಟು, ಅದು ಹಾರದಂತೆ ಮೇಲೊಂದು ತೂಕದ ಕಲ್ಲು. ಒಂದೊಂದು ಹಾಳೆಯ ಮೂಲೆಯಲ್ಲಿ ಪೆನ್ನಿನಿಂದ 2, 3, 2 ಎಂದು ಬರೆದಿತ್ತು. ಫೋನಿನಲ್ಲಿ ನಮಗೆ ಕಂಡ ನೂರಾ ನಲವತ್ತು ಚೀಲ ಇದ್ದದ್ದು ಆ ಕಾಗದದ ಕಟ್ಟಿನಲ್ಲಿ.

ಅಂಗಡಿ ಯಾವುದು ಎಂದು ಹೇಳುವುದಿಲ್ಲ. ಆ ಮನುಷ್ಯ ಸುಳ್ಳು ಹೇಳಿದ ಎಂಬುದು ನನ್ನ ದೂರೂ ಅಲ್ಲ. ನನ್ನ ತಕರಾರು ಇರುವುದು ಈಗ ಎಲ್ಲ ಕಡೆ ಬೇರೂರಿರುವ ಒಂದು ನಂಬಿಕೆಯ ಮೇಲೆ. ಯಾವ ಅಂಗಡಿಯಲ್ಲಿ ಎಷ್ಟು ಮಾಲಿದೆ ಎಂಬುದು ಫೋನಿನಲ್ಲಿ ಕಂಡರೆ ಸಾಕು, ಅಭಾವ ಕರಗುತ್ತದೆ, ಪಾಳಿ ಮಾಯವಾಗುತ್ತದೆ, ಕಾಳಸಂತೆ ನಿಲ್ಲುತ್ತದೆ ಎಂಬ ನಂಬಿಕೆ ಅದು. ಅಧಿಕಾರಿಗಳು ಸಭೆಯಲ್ಲಿ ಹೇಳುತ್ತಾರೆ, ಟಿವಿಯಲ್ಲಿ ಕುಳಿತ ಪಂಡಿತರು ಹೇಳುತ್ತಾರೆ, ಬೆಂಗಳೂರಿನಿಂದ ಹಬ್ಬಕ್ಕೆ ಬಂದ ನಮ್ಮ ಮಕ್ಕಳೂ ಹೇಳುತ್ತಾರೆ: "ಎಲ್ಲಾ ಆನ್‌ಲೈನ್ ಐತಿ, ನೋಡಿಕೊಂಡು ಹೋಗಬಾರದಾ?" ಈ ಮಾತು ತಪ್ಪು. ತಪ್ಪಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಅದು ಗೊಬ್ಬರ ಸಿಗದವನ ಮೇಲೆಯೇ ತಪ್ಪು ಹೊರಿಸುತ್ತದೆ, ಮಾಡಬೇಕಾದ ಕೆಲಸ ಮಾಡದವರನ್ನು ಬಿಟ್ಟುಬಿಡುತ್ತದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಆ ಅಂಕಿ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ರಸಗೊಬ್ಬರದ ಸಬ್ಸಿಡಿಯನ್ನು ಸರ್ಕಾರ ರೈತನ ಕೈಗೆ ಕೊಡುವುದಿಲ್ಲ, ಕಂಪನಿಗೆ ಕೊಡುತ್ತದೆ. ಹಿಂದೆ ಗೊಬ್ಬರ ಜಿಲ್ಲೆಗೆ ಬಂದಿಳಿದರೆ ಸಾಕಿತ್ತು, ಕಂಪನಿಗೆ ಸಬ್ಸಿಡಿಯ ದೊಡ್ಡ ಪಾಲು ಸಂದಾಯವಾಗುತ್ತಿತ್ತು. ಆ ಗೊಬ್ಬರ ಹೊಲಕ್ಕೆ ಹೋಯಿತೋ ಕಾರ್ಖಾನೆಗೆ ಹೋಯಿತೋ ಕೇಳುವವರಿರಲಿಲ್ಲ. ಅದನ್ನು ತಡೆಯಲು ಅಂಗಡಿ ಅಂಗಡಿಗೂ ಪಿಒಎಸ್ ಯಂತ್ರ ಕೊಟ್ಟರು. ರೈತ ಆಧಾರ್ ನಂಬರು ಹೇಳಿ ಹೆಬ್ಬೆಟ್ಟು ಒತ್ತಿದ ಮೇಲೆ ಮಾರಾಟ ದಾಖಲಾಗುತ್ತದೆ, ಆ ದಾಖಲೆಯ ಮೇಲೆ ಕಂಪನಿಗೆ ಸಬ್ಸಿಡಿ ಹೋಗುತ್ತದೆ. 2018ರ ಮಾರ್ಚ್ ಹೊತ್ತಿಗೆ ಈ ಪದ್ಧತಿ ದೇಶದ ತುಂಬ ಬಂತು. ಕೇಂದ್ರದ ಇ-ಉರ್ವರಕ್ ಜಾಲದಲ್ಲಿ ಈ ಲೆಕ್ಕವೆಲ್ಲ ಕೂಡುತ್ತದೆ. ಅದರದೇ ಕಿಸಾನ್ ಕಾರ್ನರ್‌ನಲ್ಲಿ ರಾಜ್ಯ, ಜಿಲ್ಲೆ ಆರಿಸಿದರೆ ಯಾವ ಅಂಗಡಿಯ ಹೆಸರಿನಲ್ಲಿ ಇವತ್ತು ಎಷ್ಟು ದಾಸ್ತಾನಿದೆ ಎಂದು ತೋರಿಸುತ್ತದೆ. ನಮ್ಮ ರಾಜ್ಯದವರೇ ಆದ ಡಿ.ವಿ. ಸದಾನಂದಗೌಡರು ಕೇಂದ್ರದಲ್ಲಿ ರಸಗೊಬ್ಬರ ಸಚಿವರಾಗಿದ್ದಾಗ, 2020ರ ಸೆಪ್ಟೆಂಬರ್ ಕೊನೆಯಲ್ಲಿ, ಎಸ್ಸೆಮ್ಮೆಸ್ ಸೌಲಭ್ಯವನ್ನೂ ಉದ್ಘಾಟಿಸಿದರು. ಅಂಗಡಿಯ ಸಂಖ್ಯೆಯನ್ನು ಸಂದೇಶದಲ್ಲಿ ಕಳಿಸಿದರೆ ಅಲ್ಲಿನ ದಾಸ್ತಾನು ತಿಳಿಯುತ್ತದೆ ಎಂಬುದು ಅದರ ಭರವಸೆ.

ಸಬ್ಸಿಡಿ ಸೋರುವುದನ್ನು ತಡೆಯಲು ಇದು ಬೇಕಾದ ಕೆಲಸ, ಅದನ್ನು ಒಪ್ಪುತ್ತೇನೆ. 45 ಕಿಲೋ ಯೂರಿಯಾ ಚೀಲಕ್ಕೆ ರೈತ ಕೊಡುವುದು 266 ರೂಪಾಯಿ 50 ಪೈಸೆ, ಅದರ ಹಲವು ಪಟ್ಟನ್ನು ಸರ್ಕಾರ ತುಂಬಿಕೊಡುತ್ತದೆ. ಅಷ್ಟು ಹಣ ಹೋಗುವಲ್ಲಿ ಲೆಕ್ಕ ಇರಲೇಬೇಕು. ಆದರೆ ಕಂಪನಿಯ ಬಿಲ್ಲು ಪಾಸಾಗಲು ಇಟ್ಟ ಲೆಕ್ಕವನ್ನು ತಂದು ರೈತನ ಮುಂದೆ ಹಿಡಿದು "ನೋಡು, ಇಲ್ಲಿ ಗೊಬ್ಬರ ಇದೆ" ಎನ್ನುವುದು ಬೇರೆ. ಆ ಲೆಕ್ಕಕ್ಕೆ ಗೊತ್ತಿರುವುದು ಹೆಬ್ಬೆಟ್ಟು ಬಿದ್ದಿದೆಯೋ ಇಲ್ಲವೋ ಅಷ್ಟೇ. ಚೀಲ ಗೋದಾಮಿನಲ್ಲಿ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಈ ಎರಡರ ನಡುವಿನ ಅಂತರ ಎಷ್ಟು ಬಗೆಯಲ್ಲಿ ಬೀಳುತ್ತದೆ ಎಂಬುದನ್ನು ಅಂಗಡಿಯ ಬಾಗಿಲಲ್ಲಿ ಒಂದು ದಿನ ನಿಂತವರು ಬಲ್ಲರು. ಮಂದಿ ಹೆಚ್ಚಿದ ದಿನ ಚೀಲ ಮೊದಲು ಹೋಗುತ್ತದೆ, ಹೆಬ್ಬೆಟ್ಟು ಆಮೇಲೆ ಬೀಳುತ್ತದೆ. ಆಗ ಫೋನಿನಲ್ಲಿ ಇಲ್ಲದ ಮಾಲು ಕಾಣುತ್ತದೆ. ನಿನ್ನೆ ಹೆಬ್ಬೆಟ್ಟು ಒತ್ತಿ ದುಡ್ಡು ಕೊಟ್ಟವನು ಚಕ್ಕಡಿ ತರಲು ಊರಿಗೆ ಹೋಗಿದ್ದರೆ ಅವನ ಚೀಲಗಳು ಅಂಗಡಿಯಲ್ಲೇ ಬಿದ್ದಿರುತ್ತವೆ. ಆಗ ಫೋನಿನಲ್ಲಿ ಸೊನ್ನೆ, ಕಣ್ಣೆದುರು ಒಟ್ಟಲು. ಅಂಗಡಿಯವನು ಬಚ್ಚಿಟ್ಟ ಎಂದು ಜಗಳ ಶುರುವಾಗುವುದು ಅಂಥ ಹೊತ್ತಿನಲ್ಲಿ. ಸಗಟು ವ್ಯಾಪಾರಿ ಮಾಲನ್ನು ಚಿಲ್ಲರೆ ಅಂಗಡಿಯ ಖಾತೆಗೆ ಏರಿಸುವ ಗಳಿಗೆ ಒಂದು, ಲಾರಿ ಬಂದು ಹಮಾಲರು ಚೀಲ ಇಳಿಸುವ ಗಳಿಗೆ ಇನ್ನೊಂದು. ಹುನಗುಂದಕ್ಕೂ ಇಳಕಲ್ಲಿಗೂ ರೈಲಿಲ್ಲ. ಗದಗದಿಂದ ಬಾದಾಮಿ, ಬಾಗಲಕೋಟೆ ಹಾಯ್ದು ಹೋಟಗಿಗೆ ಹೋಗುವ ಹಳಿ ನಮ್ಮನ್ನು ಪಡುವಣಕ್ಕೇ ಬಿಟ್ಟು ಹೋಗುತ್ತದೆ. ನಮಗೆ ಬರುವ ಪ್ರತಿ ಚೀಲವೂ ಲಾರಿಯ ಮೇಲೆ ಬರಬೇಕು. ಡ್ರೈವರ್ ದಾರಿಯ ಢಾಬಾದಲ್ಲಿ ಮಲಗಿದರೂ ಲೆಕ್ಕದಲ್ಲಿನ ಮಾಲು ಮತ್ತು ನೆಲದ ಮೇಲಿನ ಮಾಲು ಬೇರೆಯಾಗುತ್ತವೆ.

ಹೆಬ್ಬೆಟ್ಟಿನದಂತೂ ಬೇರೆಯೇ ಕಥೆ. ಎರಿ ಹೊಲದಲ್ಲಿ ಕಳೆ ಕಿತ್ತ ಕೈ, ಹಗ್ಗ ಎಳೆದ ಕೈ. ಅದರ ಗೆರೆ ಸವೆದಿರುತ್ತವೆ. ಒಬ್ಬ ಅಜ್ಜಿ ಐದು ಸಲ ಬೆರಳಿಟ್ಟರೂ ಯಂತ್ರ ಒಪ್ಪಲಿಲ್ಲ. ಆಕೆ ಸೆರಗಿನಿಂದ ಬೆರಳು ಒರೆಸಿಕೊಂಡಳು, ಅಂಗಡಿಯ ಹುಡುಗ ಹಸಿ ಬಟ್ಟೆ ಕೊಟ್ಟ, ಮತ್ತೆ ಒತ್ತಿದಳು, ಮತ್ತೆ ಕೆಂಪು. ಹಿಂದಿನವರು ಗದ್ದಲ ಎಬ್ಬಿಸಿದರು. ಕೊನೆಗೆ ಪಾಳಿಯಲ್ಲಿದ್ದ ಇನ್ನೊಬ್ಬನ ಹೆಬ್ಬೆಟ್ಟಿನ ಮೇಲೆ ಆಕೆಗೆ ಎರಡು ಚೀಲ ಕೊಟ್ಟು ಕಳಿಸಿದರು. ಅಂಗಡಿಯವನು ಮಾಡಿದ್ದು ನಿಯಮದ ಪ್ರಕಾರ ತಪ್ಪು, ಮನುಷ್ಯತ್ವದ ಪ್ರಕಾರ ಸರಿ. ಆದರೆ ದಾಖಲೆಯಲ್ಲಿ ಆ ಎರಡು ಚೀಲ ಹೋದದ್ದು ಬೇರೆ ಯಾರದೋ ಹೊಲಕ್ಕೆ.

ಪಟ್ಟಣದ ಮಕ್ಕಳಿಗೆ ಈ ಅಂಕಿಯ ಮೇಲೆ ಅಷ್ಟು ವಿಶ್ವಾಸ ಯಾಕೆ ಎಂಬುದು ನನಗೆ ತಿಳಿಯುತ್ತದೆ. ಅಲ್ಲಿ ಹತ್ತು ನಿಮಿಷದಲ್ಲಿ ಹಾಲು, ಮೊಸರು ಮನೆಗೆ ತರುವ ಕಂಪನಿಗಳಿವೆ. "ಎರಡೇ ಉಳಿದಿದೆ" ಎಂದು ಫೋನು ತೋರಿಸಿದರೆ ಎರಡೇ ಇರುತ್ತದೆ. ಅಲ್ಲಿ ಮಳಿಗೆ ಆ ಕಂಪನಿಯ ಹಿಡಿತದಲ್ಲಿದೆ, ಗಿರಾಕಿ ಒಳಗೆ ಬರುವಂತಿಲ್ಲ, ಪ್ರತಿ ಪೊಟ್ಟಣದ ಮೇಲೆ ಗೆರೆಗೆರೆಯ ಬಾರ್‌ಕೋಡ್ ಇದೆ, ಅದನ್ನು ಸ್ಕ್ಯಾನ್ ಮಾಡದೆ ಏನೂ ಒಳಬರುವುದಿಲ್ಲ, ಹೊರಹೋಗುವುದಿಲ್ಲ. ಮಿಗಿಲಾಗಿ, ನೀವು ಒತ್ತಿದ ಕೂಡಲೇ ಆ ಪೊಟ್ಟಣ ನಿಮ್ಮದಾಗುತ್ತದೆ. ನಮ್ಮ ಗೊಬ್ಬರದಂಗಡಿಯಲ್ಲಿ ಚೀಲವನ್ನು ಯಾರೂ ಸ್ಕ್ಯಾನ್ ಮಾಡುವುದಿಲ್ಲ. ಎಷ್ಟು ಚೀಲ ಎಂದು ಬೆರಳಿನಿಂದ ಒತ್ತುತ್ತಾರೆ. ಮತ್ತು ನೋಡಿದವನಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ. ನಾನು ನೋಡಿದ ಅಂಕಿಯನ್ನೇ ಅದೇ ಹೊತ್ತಿನಲ್ಲಿ ಕುಷ್ಟಗಿ ಕಡೆಯ ಇನ್ನೂರು ಮಂದಿ ನೋಡಿರುತ್ತಾರೆ.

ಕುಷ್ಟಗಿಯ ಮಾತು ಬಂತು. "ಹತ್ತಿರದ ಅಂಗಡಿ" ಎಂಬ ಪದವನ್ನೇ ಆ ಲೆಕ್ಕ ಅರಿಯದು. ಅದು ಜಿಲ್ಲೆ ಕೇಳುತ್ತದೆ. ಇಳಕಲ್ಲಿನ ತೆಂಕಣ ಅಂಚಿನ ಹಳ್ಳಿಯವನಿಗೆ ಕೊಪ್ಪಳ ಜಿಲ್ಲೆಯ ಕುಷ್ಟಗಿ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಜಮಖಂಡಿ ಮಾತ್ರ ನೂರಕ್ಕೂ ಮೇಲೆ. ಆದರೆ ಅವನ ಜಿಲ್ಲೆಯ ಪಟ್ಟಿಯಲ್ಲಿ ಜಮಖಂಡಿ ಇದೆ, ಕುಷ್ಟಗಿ ಇಲ್ಲ. ಬಾದಾಮಿ ತಾಲ್ಲೂಕಿನ ಮಲಪ್ರಭೆಯ ದಂಡೆಯವನಿಗೆ ಗದಗ ಜಿಲ್ಲೆಯ ಹೊಳೆಆಲೂರು, ರೋಣ ಸಮೀಪ. ಕೂಡಲಸಂಗಮದ ಕಡೆಯವನು ಕೃಷ್ಣೆ ದಾಟಿದರೆ ವಿಜಯಪುರ ಜಿಲ್ಲೆ. ಸಂತೆಗೆ, ಬೀಗರ ಮನೆಗೆ, ಆಸ್ಪತ್ರೆಗೆ ನಮ್ಮ ಮಂದಿ ಹೋಗುವ ದಾರಿಗಳು 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಗುವ ಎಷ್ಟೋ ಮೊದಲಿನವು. ಜಿಲ್ಲೆಯ ಗೆರೆ ನೋಡಿ ಗೊಬ್ಬರ ತರುವವರು ಯಾರಿದ್ದಾರೆ?

ಇಷ್ಟು ಹೇಳಿದರೆ ಸಾಫ್ಟ್‌ವೇರ್ ಬಲ್ಲವರ ಉತ್ತರ ಸಿದ್ಧವಿರುತ್ತದೆ. ಇದೆಲ್ಲ ಸರಿಪಡಿಸಬಹುದಾದ ದೋಷ, ಚೀಲಕ್ಕೆ ಗುರುತು ಹಾಕೋಣ, ನೆಟ್ ಗಟ್ಟಿ ಮಾಡೋಣ, ನಕ್ಷೆ ಸೇರಿಸೋಣ, ಕ್ಷಣಕ್ಷಣಕ್ಕೂ ನಿಜವಾದ ದಾಸ್ತಾನು ತೋರಿಸೋಣ ಎನ್ನುತ್ತಾರೆ. ಆಗಲಿ. ನಾಳೆಯೇ ಅದೆಲ್ಲ ಆಯಿತು ಎಂದುಕೊಳ್ಳಿ. ಆಗ ನನ್ನ ಭಯ ಹೆಚ್ಚುತ್ತದೆ.

ಯಾಕೆಂದರೆ ಅಭಾವದ ದಿನ ನಿಜವಾದ ಅಂಕಿಯೇ ಹೆಚ್ಚು ಕೆಡುಕು ಮಾಡುತ್ತದೆ. ನಾನೂ ಹವಾಮಾನ ಫೋನಿನಲ್ಲೇ ನೋಡುತ್ತೇನೆ, ಬಾಗಲಕೋಟೆ ಎಪಿಎಂಸಿಯ ಧಾರಣೆಯನ್ನೂ ಫೋನಿನಲ್ಲೇ ನೋಡುತ್ತೇನೆ. ನನ್ನಂತೆ ಹತ್ತು ಸಾವಿರ ಮಂದಿ ನೋಡಿದರೂ ಮಳೆ ಕಡಿಮೆಯಾಗುವುದಿಲ್ಲ, ನೋಡಿದ್ದಕ್ಕೆ ಹೆಸರುಕಾಳಿನ ಧಾರಣೆ ಸವೆಯುವುದಿಲ್ಲ. ಯೂರಿಯಾ ಚೀಲ ಹಾಗಲ್ಲ. ಬಾದಾಮಿಯ ಒಂದು ಅಂಗಡಿಯಲ್ಲಿ ಇನ್ನೂರು ಚೀಲ ಇಳಿದಿದೆ ಎಂದು ಬೆಳಿಗ್ಗೆ ಏಳು ಗಂಟೆಗೆ ಎಲ್ಲರ ಫೋನಿನಲ್ಲೂ ಕಂಡರೆ ಒಂಬತ್ತಕ್ಕೆ ಅಲ್ಲಿ ಆರುನೂರು ಮಂದಿ ಇರುತ್ತಾರೆ. ಮೊದಲು ಮುಟ್ಟುವವನು ಯಾರು? ಫೋನು ಇದ್ದವನು, ಅದರಲ್ಲಿ ಹುಡುಕಲು ಬಲ್ಲ ಮಗನಿದ್ದವನು, ಮೋಟಾರ್ ಸೈಕಲ್ ಇದ್ದವನು, ಒಂದೇ ಸಲಕ್ಕೆ ಇಪ್ಪತ್ತು ಚೀಲಕ್ಕೆ ದುಡ್ಡಿದ್ದವನು. ಎರಡು ಎಕರೆ ಲಾವಣಿ ಹಿಡಿದು, ಎರಡು ಚೀಲಕ್ಕೆ ಮಾತ್ರ ದುಡ್ಡು ಹೊಂದಿಸಿಕೊಂಡು, ಹತ್ತು ಗಂಟೆಯ ಬಸ್ಸಿಗೆ ಬರುವ ಹೆಣ್ಣುಮಗಳು ಮುಟ್ಟುವಷ್ಟರಲ್ಲಿ ಶಟರ್ ಇಳಿದಿರುತ್ತದೆ. ಹಿಂದೆ ಆಕೆಗೆ ತನ್ನೂರಿನ ಸೊಸೈಟಿಗೆ ಬಂದ ಮಾಲು ತನ್ನೂರಿನವರಿಗೇ ಎಂಬ ಒಂದು ಆಸರೆ ಇತ್ತು. ಎಲ್ಲ ಅಂಗಡಿಯ ದಾಸ್ತಾನನ್ನು ಎಲ್ಲರ ಕಣ್ಣಿಗೆ ಬಿಡುವ ಫೋನು ಆ ಆಸರೆಯನ್ನೂ ಕಿತ್ತುಕೊಳ್ಳುತ್ತದೆ.

ಇದು ಊಹೆಯ ಮಾತಲ್ಲ, 2021ರ ಮೇ ತಿಂಗಳಲ್ಲಿ ನಾವು ಕಣ್ಣಾರೆ ಕಂಡದ್ದು. ಹದಿನೆಂಟು ದಾಟಿದವರಿಗೆ ಕೋವಿಡ್ ಲಸಿಕೆ ತೆರೆದಾಗ ಯಾವ ಕೇಂದ್ರದಲ್ಲಿ ಎಷ್ಟು ಡೋಸ್ ಇದೆ ಎಂಬುದನ್ನು ಕೋವಿನ್ ಜಾಲತಾಣ ಎಲ್ಲರಿಗೂ ತೋರಿಸುತ್ತಿತ್ತು. ಅಂಕಿ ಸುಳ್ಳಿರಲಿಲ್ಲ. ಆದರೆ ಲಸಿಕೆ ಕಡಿಮೆ ಇತ್ತು. ಸಾಫ್ಟ್‌ವೇರ್ ಬಲ್ಲವರು ಜಾಗ ಖಾಲಿಯಾದ ಕ್ಷಣ ಫೋನಿಗೆ ಸದ್ದು ಬರುವಂಥ ಸಲಕರಣೆ ಬರೆದುಕೊಂಡರು. ಬೆಂಗಳೂರಿನ ಯುವಕರು ಸುತ್ತಲಿನ ಜಿಲ್ಲೆಗಳ ಹಳ್ಳಿಯ ಆಸ್ಪತ್ರೆಗೆ ಕಾರಿನಲ್ಲಿ ಹೋಗಿ ಚುಚ್ಚಿಸಿಕೊಂಡು ಬಂದರು, ಆ ಹಳ್ಳಿಯವರು ನೋಡುತ್ತ ನಿಂತರು. ಆ ಯುವಕರನ್ನು ದೂರುವುದಿಲ್ಲ, ಜೀವದ ಭಯ ಎಲ್ಲರಿಗೂ ಇತ್ತು. ಅದೇ ತಿಂಗಳು ಬೆಂಗಳೂರಿನಲ್ಲಿ ಆಸ್ಪತ್ರೆಯ ಹಾಸಿಗೆಗಳ ಲೆಕ್ಕವೂ ಕಂಪ್ಯೂಟರಿನಲ್ಲಿತ್ತು, ಹಾಸಿಗೆಗಳನ್ನು ಬೇರೆಯವರ ಹೆಸರಿನಲ್ಲಿ ತಡೆಹಿಡಿದು ಮಾರಿದರು ಎಂಬ ಆರೋಪ ದೊಡ್ಡ ಗದ್ದಲವಾಯಿತು. ಇಷ್ಟಾದ ಮೇಲೂ ಗೊಬ್ಬರಕ್ಕೆ ಅದೇ ಮದ್ದು ಬರೆಯುವವರಿಗೆ ಏನು ಹೇಳಲಿ?

ಕೊನೆಗೂ ಅಭಾವ ಅಂಗಡಿಯಲ್ಲಿ ಹುಟ್ಟುವುದಿಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ನಮ್ಮಲ್ಲಿ ಬಿತ್ತನೆ ಬೇಗ ಆಯಿತು, ಗೋವಿನಜೋಳದ ಕ್ಷೇತ್ರ ರಾಜ್ಯದಲ್ಲೆಲ್ಲ ಹಿಗ್ಗಿತು. ಗೋವಿನಜೋಳ ಯೂರಿಯಾ ತಿನ್ನುವ ಬೆಳೆ. ರಾಜ್ಯದಲ್ಲಿ ಯೂರಿಯಾ ತಯಾರಿಸುವ ಕಾರ್ಖಾನೆ ಒಂದೇ, ಮಂಗಳೂರಿನ ಪಣಂಬೂರಿನದು, ಅದರ ಸಾಮರ್ಥ್ಯ ವರ್ಷಕ್ಕೆ ಸುಮಾರು 3.8 ಲಕ್ಷ ಟನ್. ಉಳಿದದ್ದು ಹೊರಗಿನಿಂದ ಬರಬೇಕು. ಏಪ್ರಿಲ್‌ನಿಂದ ಜುಲೈವರೆಗೆ ಬೇಕಿದ್ದದ್ದು ಸುಮಾರು 6.8 ಲಕ್ಷ ಟನ್, ಬಂದದ್ದು ಸುಮಾರು 5.17 ಲಕ್ಷ ಟನ್ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೇಂದ್ರ ಸಚಿವ ಜೆ.ಪಿ. ನಡ್ಡಾ ಅವರಿಗೆ ಪತ್ರ ಬರೆದರು. ಬೇಡಿಕೆಗಿಂತ ಹೆಚ್ಚೇ ಕೊಟ್ಟಿದ್ದೇವೆ, ಹಂಚಲು ಬಾರದವರು ನೀವು ಎಂದು ಕೇಂದ್ರದ ಕಡೆಯವರು ತಿರುಗಿ ಹೇಳಿದರು. ಎರಡೂ ಕಡೆಯವರ ಕೈಯಲ್ಲಿ ಅಂಕಿಗಳೇ ಇದ್ದವು. ಆ ಅಂಕಿಗಳು ಹಾರಾಡುತ್ತಿದ್ದ ದಿನಗಳಲ್ಲೇ ನಮ್ಮ ಪಕ್ಕದ ಕೊಪ್ಪಳದಲ್ಲಿ ಗೊಬ್ಬರ ಸಿಗದ ರೈತನೊಬ್ಬ ಪಾಳಿಯಲ್ಲಿ ನಿಂತು ನಿಂತು ಮಣ್ಣು ತಿಂದ. ಆ ದೃಶ್ಯವನ್ನು ರಾಜ್ಯವೆಲ್ಲ ನೋಡಿತು. ಅವನಿಗೆ ತಿಳಿವಳಿಕೆಯ ಕೊರತೆ ಇತ್ತೇ? ಅಂಗಡಿ ಎಲ್ಲಿದೆ, ಮಾಲು ಯಾವುದು, ಎಷ್ಟು ಬೇಕು, ಎಲ್ಲವೂ ಅವನಿಗೆ ಗೊತ್ತಿತ್ತು. ಸಿಗದೆ ಇದ್ದದ್ದು ಗೊಬ್ಬರ.

ದಾಸ್ತಾನು ತೋರಿಸುವ ಫೋನು ಇಲ್ಲಿ ಮಾಡುವ ಕೆಲಸ ಇನ್ನೊಂದಿದೆ, ಅದೇ ನನ್ನನ್ನು ಹೆಚ್ಚು ನೋಯಿಸುವುದು. ಗೊಬ್ಬರ ಇಲ್ಲವೆಂದು ಕಚೇರಿಗೆ ಹೋದ ರೈತನಿಗೆ "ಸಿಸ್ಟಮ್ಮಿನಲ್ಲಿ ಇದೆಯಲ್ಲ" ಎಂಬ ಉತ್ತರ ಸಿಗುತ್ತದೆ. ಅವನು ಬರಿಗೈಯಲ್ಲಿ ನಿಂತಿರುವುದು ಸಾಕ್ಷಿಯಾಗುವುದಿಲ್ಲ, ಪರದೆಯ ಮೇಲಿನ ಅಂಕಿ ಸಾಕ್ಷಿಯಾಗುತ್ತದೆ. ಆಮೇಲೆ ಗೊಬ್ಬರ ಸಿಗದೆ ಹೋದದ್ದು ಅವನ ಸೋಮಾರಿತನ, ಅವನ ಅನಕ್ಷರತೆ, ಅವನು ಫೋನು ನೋಡದೆ ಇದ್ದದ್ದು ಎಂದಾಗುತ್ತದೆ. ಸರದಿಯಲ್ಲಿ ನಾಲ್ಕು ತಾಸು ನಿಂತವನಿಗೆ ಸೋಮಾರಿ ಎನ್ನಲು ನಾಲಿಗೆ ಹೇಗೆ ಏಳುತ್ತದೋ.

ಅಂಗಡಿಯವರನ್ನೂ ಕಳ್ಳರೆಂದು ಹಿಡಿದು ನಿಲ್ಲಿಸುವ ಚಟ ಈ ನಂಬಿಕೆಗಿದೆ. ಕಳ್ಳರು ಇಲ್ಲವೆಂದಲ್ಲ. ಆದರೆ ಯೂರಿಯಾ ಮಾರುವವನಿಗೆ 2018ರಿಂದ ಸಿಗುತ್ತ ಬಂದ ಕಮಿಷನ್ ಟನ್ನಿಗೆ 354 ರೂಪಾಯಿ, ಚೀಲಕ್ಕೆ ಹದಿನಾರು ರೂಪಾಯಿಯಷ್ಟು. ಅದರಲ್ಲಿ ಹಮಾಲಿ, ಗೋದಾಮು, ಹುಡುಗರ ಪಗಾರ ತೆಗೆಯಬೇಕು. ಮೇಲಿನಿಂದ ಲಿಂಕ್ ಬೇರೆ. ಯೂರಿಯಾ ಬೇಕಾದರೆ ಖರ್ಚಾಗದ ಇನ್ನೇನನ್ನೋ ಜೊತೆಗೆ ಎತ್ತಬೇಕು ಎಂಬ ಕಟ್ಟಳೆ ಮೇಲಿನವರಿಂದ ಇಳಿದು ಇವನ ಕೊರಳಿಗೆ ಬೀಳುತ್ತದೆ, ಇವನು ಅದನ್ನು ರೈತನ ಕೊರಳಿಗೆ ಹಾಕುತ್ತಾನೆ. ಎರಡು ಚೀಲ ಯೂರಿಯಾ ಕೇಳಿದವನು ಬೇಡದ ಒಂದು ಬಾಟಲಿ ಹಿಡಿದುಕೊಂಡು ಬರುತ್ತಾನೆ. ಫೋನು ಈ ಲಿಂಕನ್ನು ತೋರಿಸುತ್ತದೆಯೇ? ಎಷ್ಟು ಚೀಲ ಎಂದಷ್ಟೇ ತೋರಿಸುತ್ತದೆ. ಆ ಚೀಲ ಯಾವ ಷರತ್ತಿನ ಮೇಲೆ ಸಿಗುತ್ತದೆ ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ.

ಇಳಕಲ್ಲಿನ ಸೀರೆ ಅಂಗಡಿಗೆ ಹೋಗಿ ಟೋಪ್ ತೆನಿ ಸೆರಗಿನ ಒಂದು ಬಣ್ಣ ಕೇಳಿ. ತನ್ನಲ್ಲಿ ಇಲ್ಲದಿದ್ದರೆ ಅಂಗಡಿಯವರು "ಕುಂದರ್ರಿ, ತರಸ್ತೀನಿ" ಎಂದು ಹುಡುಗನನ್ನು ಮೂರನೆಯ ಅಂಗಡಿಗೆ ಓಡಿಸುತ್ತಾರೆ, ನೀವು ಚಾ ಮುಗಿಸುವಷ್ಟರಲ್ಲಿ ಸೀರೆ ಬಂದಿರುತ್ತದೆ. ಯಾರ ಹತ್ತಿರ ಏನಿದೆ ಎಂಬುದು ಆ ಓಣಿಯವರಿಗೆ ಬಾಯಿಪಾಠ. ಅದು ನಡೆಯುವುದು ಸೀರೆ ಸಾಕಷ್ಟು ಇರುವುದರಿಂದ, ಮತ್ತು ಕೇಳಿದವನಿಗೆ ತಂದುಕೊಡುತ್ತೇನೆ ಎಂದು ಒಬ್ಬ ಮನುಷ್ಯ ಮಾತು ಕೊಟ್ಟಿರುವುದರಿಂದ. ಗೊಬ್ಬರದ ಲೆಕ್ಕದಲ್ಲಿ ಹಾಗೆ ಮಾತು ಕೊಟ್ಟವರು ಯಾರೂ ಇಲ್ಲ. ಅಂಕಿ ತೋರಿಸಿ ಕೈ ತೊಳೆದುಕೊಳ್ಳುತ್ತಾರೆ.

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ಹೇಳುತ್ತೇನೆ, ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶ ಎಂಬುದೊಂದಿದೆ, ಅಗತ್ಯ ವಸ್ತುಗಳ ಕಾಯ್ದೆಯಡಿ ಹೊರಡಿಸಿದ್ದು. ಅದರ 4ನೇ ಕಲಮಿನ ಪ್ರಕಾರ ಚಿಲ್ಲರೆ ಗೊಬ್ಬರ ಮಾರುವ ಪ್ರತಿಯೊಬ್ಬ ವ್ಯಾಪಾರಿಯೂ ಆಯಾ ದಿನದ ಆರಂಭದ ದಾಸ್ತಾನು ಎಷ್ಟು, ದರ ಎಷ್ಟು ಎಂಬುದನ್ನು ಅಂಗಡಿಯಲ್ಲಿ ಎದ್ದು ಕಾಣುವಂತೆ ಬರೆದು ಹಾಕಬೇಕು. ಕರಿ ಬಣ್ಣ ಬಳಿದ ಒಂದು ತಗಡು, ಒಂದು ಖಡು. ಇಷ್ಟೇ ಸಾಮಾನು. ನಾನು ಓಡಾಡಿದ ಅಂಗಡಿಗಳಲ್ಲಿ ಆ ತಗಡು ಇತ್ತು, ಗೊಬ್ಬರದ ಹೆಸರುಗಳನ್ನು ಬಣ್ಣದಲ್ಲಿ ಅಂದವಾಗಿ ಬರೆಸಿಯೂ ಇದ್ದರು. ಯೂರಿಯಾ, ಡಿಎಪಿ, ಪೊಟ್ಯಾಷ್. ಅವುಗಳ ಮುಂದಿನ ಅಂಕಣ ಮಾತ್ರ ಖಾಲಿ. ಒಂದು ಕಡೆ ಹಿಂದಿನ ವರ್ಷದ ತಾರೀಖು ಹಾಗೇ ಉಳಿದಿತ್ತು, ಇನ್ನೊಂದು ಕಡೆ ತಗಡಿಗೆ ಬೀಜದ ಕಂಪನಿಯ ಕ್ಯಾಲೆಂಡರ್ ತೂಗುಹಾಕಿದ್ದರು.

ಆ ತಗಡು ಮತ್ತು ಫೋನು ಎರಡೂ ಅಂಕಿಯನ್ನೇ ತೋರಿಸುತ್ತವಲ್ಲ, ವ್ಯತ್ಯಾಸವೇನು ಎನ್ನಬಹುದು. ವ್ಯತ್ಯಾಸ ದೊಡ್ಡದು. ಬೋರ್ಡಿನ ಮೇಲಿನ ಅಂಕಿಯನ್ನು ಬರೆದವನು ಎದುರಿಗೇ ಕುಳಿತಿರುತ್ತಾನೆ. ಎಂಬತ್ತು ಚೀಲ ಎಂದು ಅವನೇ ಖಡುವಿನಿಂದ ಬರೆದಿದ್ದರೆ ಪಾಳಿಯಲ್ಲಿದ್ದ ಮುದುಕ ಕೇಳಬಲ್ಲ: "ಸಾವ್ಕಾರ್ರ, ಎಂಬತ್ತು ಬರದೀರಿ, ನಲವತ್ತು ಕೊಟ್ಟೀರಿ, ಉಳಿದ ನಲವತ್ತು ತೋರಸ್ರಿ." ಹೀಗೆ ಕೇಳಲು ಓದು ಬೇಕಿಲ್ಲ, ಫೋನು ಬೇಕಿಲ್ಲ, ಕೂಡಿದ ಮಂದಿಯ ನಡುವೆ ಒಂದು ದನಿ ಇದ್ದರೆ ಸಾಕು. ಆ ಅಂಕಿಗೆ ಅಲ್ಲೇ ಉತ್ತರ ಕೊಡಬೇಕಾಗುತ್ತದೆ. ಫೋನಿನ ಅಂಕಿ ತಪ್ಪಿದರೆ ಯಾರನ್ನು ಕೇಳುವುದು? ಅಂಗಡಿಯವನು ಮಷಿನ್ ಎನ್ನುತ್ತಾನೆ, ಕಚೇರಿಯವರು ಸರ್ವರ್ ಎನ್ನುತ್ತಾರೆ, ಸರ್ವರ್ ದಿಲ್ಲಿಯಲ್ಲಿರುತ್ತದೆ.

ಬೋರ್ಡಿನ ಮೇಲೆ ಇನ್ನೊಂದು ಸಾಲು ಸೇರಿಸಲಿ: ಮುಂದಿನ ಲಾರಿ ಯಾವಾಗ, ಎಷ್ಟು ಚೀಲ, ಯಾವ ಊರಿನವರಿಗೆ. ಇವತ್ತು ಎಷ್ಟಿದೆ ಎಂಬುದಕ್ಕಿಂತ ತನ್ನ ಪಾಳಿ ಎಂದು ಬರುತ್ತದೆ ಎಂಬುದು ರೈತನಿಗೆ ಮುಖ್ಯ. ಮಂಗಳವಾರ ನಮ್ಮೂರಿಗೆ ಬರುತ್ತದೆ ಎಂದು ಖಾತ್ರಿಯಾದರೆ ಭಾನುವಾರ, ಸೋಮವಾರ ಅವನು ಹೊಲದಲ್ಲಿರುತ್ತಾನೆ, ಅಂಗಡಿಯ ಮುಂದೆ ಇರುವುದಿಲ್ಲ. ಹದ ನಾಲ್ಕು ದಿನ ಇರುತ್ತದೆ. ಆ ನಾಲ್ಕು ದಿನವನ್ನು ಪಾಳಿ ತಿಂದುಹಾಕುತ್ತಿದೆ.

ಇದಕ್ಕೆ ಬೇಕಾದ ಸಂಸ್ಥೆಗಳೂ ನಮ್ಮಲ್ಲಿವೆ. ದೊಡ್ಡ ಊರುಗಳಲ್ಲೆಲ್ಲ ಪಿಕೆಪಿಎಸ್, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ ಇದೆ, ಅದರ ಸದಸ್ಯರ ಪಟ್ಟಿ ಇದೆ, ಯಾರಿಗೆ ಎಷ್ಟು ಎಕರೆ ಎಂಬುದು ಸೊಸೈಟಿಯ ಕಾರ್ಯದರ್ಶಿಗೆ ಗೊತ್ತಿರುತ್ತದೆ. ಲಾವಣಿ ಹಿಡಿದವರು ಯಾರು ಎಂಬುದೂ ಊರಿಗೆ ಗೊತ್ತಿರುತ್ತದೆ, ಯಾವ ಪೋರ್ಟಲ್ಲಿಗೂ ಅದು ಗೊತ್ತಿಲ್ಲ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ. ಮಾರ್ಕೆಟಿಂಗ್ ಫೆಡರೇಷನ್ನಿನ ಕಾಪು ದಾಸ್ತಾನು ಇದೆ, ಅದನ್ನು ಜೂನ್ ಮುಗಿಯುವುದರೊಳಗೆ ತಾಲ್ಲೂಕಿನ ಗೋದಾಮಿಗೆ ತಂದಿಡಬಹುದು. ಎಕರೆಗೆ ಇಷ್ಟು ಎಂದು ಚೀಟಿ ಬರೆದು, ಚೀಟಿಯ ಮೇಲೆ ನಂಬರು, ದಿನ ಹಾಕಿ, ಹಿಂದಿನ ಸಂಜೆ ಊರಲ್ಲಿ ಡಂಗುರ ಸಾರಬಹುದು. ಬೇಕಿದ್ದರೆ ಅದನ್ನೇ ವಾಟ್ಸಾಪಿಗೂ ಹಾಕಲಿ, ನನ್ನ ತಕರಾರಿಲ್ಲ. ಇ-ಉರ್ವರಕ್ಕಿನ ಲೆಕ್ಕವನ್ನು ಕೃಷಿ ಅಧಿಕಾರಿಗಳು ದಿನವೂ ನೋಡಲಿ. ಯಾವ ಅಂಗಡಿಯ ಹೆಸರಿಗೆ ಮಾಲು ಏರಿ ಮೂರು ದಿನವಾದರೂ ಮಾರಾಟ ಕಾಣುವುದಿಲ್ಲವೋ ಅಲ್ಲಿಗೆ ಜೀಪು ಹತ್ತಿ ಹೋಗಿ ಚೀಲ ಎಣಿಸಲಿ. ಆ ಲೆಕ್ಕವನ್ನು ನೋಡಿ ಓಡಬೇಕಾದವರು ಅವರು. ಅದಕ್ಕೆ ಅವರಿಗೆ ಸಂಬಳವಿದೆ, ಗಾಡಿ ಇದೆ, ಅಧಿಕಾರವಿದೆ. ಎರಡು ಚೀಲಕ್ಕಾಗಿ ಬಸ್ಸಿಗೆ ಕಾಯುವವನನ್ನು ಆ ಅಂಕಿಯ ಬೆನ್ನು ಹತ್ತಿಸಿ ಅಲೆಸಬೇಡಿ.

ಆ ದಿನ ನಾವು ಇಳಕಲ್ಲಿನಿಂದ ಅಮೀನಗಡಕ್ಕೆ, ಅಲ್ಲಿಂದ ಮತ್ತೆ ಹುನಗುಂದಕ್ಕೆ ತಿರುಗಿದೆವು. ಮೂರು ಕಡೆ ಫೋನು ತೋರಿಸಿದ ಅಂಕಿ ಬೇರೆ, ಕಂಡ ಮಾಲು ಬೇರೆ. ಐದನೆಯ ದಿನ ಎರಡು ಚೀಲ ಸಿಕ್ಕಿತು. ಅಷ್ಟರಲ್ಲಿ ಮೇಲ್ಮಣ್ಣು ಆರಿತ್ತು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಓದುಗರಲ್ಲಿ ನನ್ನದೊಂದು ಬೇಡಿಕೆ. ಈ ಸಲ ಗೊಬ್ಬರದಂಗಡಿಗೆ ಹೋದಾಗ ಫೋನು ತೆಗೆಯುವ ಮೊದಲು ಗೋಡೆ ನೋಡಿ. ತಗಡಿನ ಮೇಲೆ ಇವತ್ತಿನ ತಾರೀಖು, ಇವತ್ತಿನ ಚೀಲದ ಲೆಕ್ಕ ಬರೆದಿಲ್ಲವಾದರೆ, ಬರೆಯಿರಿ ಎಂದು ಎಲ್ಲರೆದುರು ಕೇಳಿ. ಒಬ್ಬರೇ ಕೇಳಬೇಡಿ, ಪಾಳಿಯಲ್ಲಿದ್ದವರೆಲ್ಲ ಕೂಡಿ ಕೇಳಿ. ಬರೆಯದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಲಿಖಿತವಾಗಿ ದೂರು ಕೊಟ್ಟು ಸ್ವೀಕೃತಿ ಇಸಗೊಳ್ಳಿ. 4ನೇ ಕಲಮು ಇನ್ನೂ ಜಾರಿಯಲ್ಲಿದೆ.